ಹಾಸುಗಲ್ಲಿನ ಹಾಳುಖಣಿಗಳು: ಗಡಿನಾಡಿನ ಚರಿತ್ರೆಗೊಂದು ಆಕರ

ಔರಾದ ಶಹಾಜನಿ, ನಿಲಂಗಾ, ಉದಗೀರ, ಉಮರಗಾ ಪರಿಸರದ ಹಳೆಯ ಮನೆಗಳಲ್ಲಿ ಎರಡು ಬಗೆಯ ಕಲ್ಲುಗಳು ಕಾಣುತ್ತವೆ. ಗೋಡೆಗೆ ಬಳಸಿರುವುದು ಒರಟಾದ ಕರಿಕಲ್ಲು. ಅಂಗಳಕ್ಕೆ, ಪಡಸಾಲೆಗೆ, ಬಚ್ಚಲಿಗೆ ಹಾಸಿರುವುದು ತೆಳುವಾದ, ಸಮತಟ್ಟಾದ, ಬೂದು ಅಥವಾ ನಸುನೀಲಿ ಬಣ್ಣದ ಚಪ್ಪಡಿ. ಕರಿಕಲ್ಲು ಊರಿನದೇ. ಚಪ್ಪಡಿ ಮಾತ್ರ ಊರಿನದಲ್ಲ. ಮಂಜರಾ, ತೇರಣಾ ನದಿಗಳ ಈ ಸೀಮೆಯಲ್ಲಿ ಎಷ್ಟು ಆಳಕ್ಕೆ ತೋಡಿದರೂ ಅಂಥ ಚಪ್ಪಡಿ ಸಿಗುವುದಿಲ್ಲ. ಜನ ಅದನ್ನು ಶಹಾಬಾದಿ ಫರಸಿ ಎನ್ನುತ್ತಾರೆ. ಅದು ಬಂದ ದಾರಿ ಆ ಹೆಸರಿನಲ್ಲಿಯೇ ಇದೆ. ಇಲ್ಲಿಂದ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಪರಿಸರದ ಖಣಿಗಳೇ ಅದರ ತವರು. ಆ ಖಣಿಗಳಲ್ಲಿ ಹಲವು ಇಂದು ಕೆಲಸ ನಿಂತು ಪಾಳುಬಿದ್ದಿವೆ. ಗಡಿಯ ಈಚೆಗಿರುವ ನಮ್ಮ ನೆಲಗಳನ್ನೂ ಗಡಿಯ ಆಚೆಗಿರುವ ಆ ಹೊಂಡಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಪ್ರದೇಶದ ಚರಿತ್ರೆಯ ಬಗ್ಗೆ ಏನು ತಿಳಿಯುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಕಲ್ಲಿನ ಗಡಿ

ಮೊದಲು ನೆಲದ ವಿಷಯ. ಮರಾಠವಾಡದ ಬಹುಭಾಗವನ್ನು ಆವರಿಸಿರುವ ಬಸಾಲ್ಟ್ ಅಥವಾ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿಹರಿದ ಲಾವಾದಿಂದ ಆದದ್ದು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ವಿಜ್ಞಾನಿಗಳು ಅಲ್ಲಿ ಕೊರೆದ ಆಳವಾದ ರಂಧ್ರವೊಂದರಲ್ಲಿ ಈ ಬಸಾಲ್ಟ್ ಸುಮಾರು 338 ಮೀಟರ್ ದಪ್ಪವಿರುವುದು ತಿಳಿಯಿತು. ಅದರ ಕೆಳಗೆ ಕೆಲವೇ ಮೀಟರುಗಳಷ್ಟು ಜಲಜ ಪದರ, ಅದರಡಿಯಲ್ಲಿ ನೇರವಾಗಿ ಅತಿ ಪ್ರಾಚೀನ ತಳಶಿಲೆ. ಅಂದರೆ ಹಾಸುಗಲ್ಲಿನ ಸ್ತರ ಕಿಲ್ಲಾರಿಯ ಅಡಿಯಲ್ಲಿಯೂ ಇಲ್ಲ. ಕರಿಕಲ್ಲನ್ನು ಒಡೆದರೆ ಅದು ಗುಂಡುಗುಂಡಾಗಿ, ಮೊನಚಾಗಿ ಒಡೆಯುತ್ತದೆಯೇ ಹೊರತು ಹಲಗೆಯಾಗಿ ಏಳುವುದಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ಗೋಡೆಗೆ ಕಲ್ಲಿನ ಬರವಿರಲಿಲ್ಲ, ನೆಲಕ್ಕೆ ಇತ್ತು. ಬಹುಪಾಲು ಮನೆಗಳ ನೆಲ ಸಗಣಿ ಸಾರಿಸಿದ ಮಣ್ಣಿನದೇ ಆಗಿತ್ತು.

ದಕ್ಷಿಣಕ್ಕೆ ಹೋದಂತೆ ಬಸಾಲ್ಟ್ ತೆಳುವಾಗುತ್ತದೆ. ಕಲಬುರಗಿಯನ್ನು ದಾಟಿದ ಮೇಲೆ ಅದರ ಅಂಚಿನ ಕೆಳಗಿನಿಂದ ಸುಣ್ಣಕಲ್ಲಿನ ಸ್ತರಗಳು ಹೊರಗೆ ಕಾಣಿಸಿಕೊಳ್ಳುತ್ತವೆ. ಭೂವಿಜ್ಞಾನಿ ವಿಲಿಯಂ ಕಿಂಗ್ 1872ರಲ್ಲಿ ಇವನ್ನು ಭೀಮಾ ನದಿಯ ಹೆಸರಿನಿಂದ ಗುರುತಿಸಿದರು. ರಾಬರ್ಟ್ ಬ್ರೂಸ್ ಫೂಟ್ 1876ರ ತಮ್ಮ ಬೃಹತ್ ವರದಿಯಲ್ಲಿ ದಕ್ಷಿಣ ಮರಾಠಾ ಪ್ರಾಂತ ಮತ್ತು ನೆರೆಯ ಜಿಲ್ಲೆಗಳ ಶಿಲೆಗಳ ವಿವರಣೆ ಕೊಟ್ಟರು. ಬಸಾಲ್ಟಿಗಿಂತ ಹತ್ತಾರು ಕೋಟಿ ವರ್ಷ ಹಿಂದಿನ ಆಳವಿಲ್ಲದ ಕಡಲೊಂದರಲ್ಲಿ ಸುಣ್ಣದ ಕೆಸರು ಪದರಪದರವಾಗಿ ಇಳಿದು ಗಟ್ಟಿಯಾದದ್ದೇ ಈ ಕಲ್ಲು. ಇದು ಸ್ಲೇಟು ಅಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಶಾಲೆಯ ಪಾಟಿಗೆ ಬಳಸುವ ಸ್ಲೇಟು ಜೇಡಿ ಕೆಸರಿನಿಂದಾದ ಕಲ್ಲು. ಭೂಮಿಯ ಒತ್ತಡದಿಂದ ರೂಪಾಂತರಗೊಂಡ ಅದು ಆ ಒತ್ತಡ ಮೂಡಿಸಿದ ಸೀಳುಗಳ ಜಾಡಿನಲ್ಲಿ ಬಿಡುತ್ತದೆ. ಶಹಾಬಾದಿನ ಕಲ್ಲು ರೂಪಾಂತರಗೊಂಡಿಲ್ಲ. ಕೆಸರು ಇಳಿದ ಪದರಗಳ ನಡುವೆಯೇ ಅದು ಬಿಡಿಸಿಕೊಳ್ಳುತ್ತದೆ. ಪದರಗಳು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿರುವುದರಿಂದ ಇಲ್ಲಿ ಖಣಿಯೆಂದರೆ ಬೆಟ್ಟದ ಎದೆಯನ್ನು ಕೊರೆದ ಗವಿಯಲ್ಲ. ಬಯಲಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ತೆರೆದ ಹೊಂಡ.

ಹಳೆಯ ಖಣಿಗಾರರು

ಈ ಕಲ್ಲಿನ ಬಳಕೆ ಶಹಾಬಾದ್ ಎಂಬ ಊರಿಗಿಂತ ಬಹಳ ಹಳೆಯದು. ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿರುವ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಉತ್ಖನನ ನಡೆಸಿದರು. ಅಲ್ಲಿ ದೊರೆತದ್ದು ಆದಿ ಹಳೆ ಶಿಲಾಯುಗದ ಒಂದು ಖಣಿ ಮತ್ತು ಕಾರ್ಯಾಗಾರ. ಮೇಲೆದ್ದು ಕಾಣುತ್ತಿದ್ದ ಸುಣ್ಣಕಲ್ಲಿನ ಹಲಗೆಗಳನ್ನು ಆಯ್ದು, ಅಂಚು ಒಡೆದು, ಕೈಗೊಡಲಿ ಮೊದಲಾದ ಆಯುಧಗಳನ್ನು ಮಾಡಿ, ಉಳಿದ ಚೂರುಗಳನ್ನು ಅಲ್ಲಿಯೇ ಬಿಟ್ಟುಹೋದ ಜನರ ಗುರುತು ಅದು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಅಂದಾಜಿಸಲಾಗಿದೆ. ಇದು ಭಾರತದ ಅತಿ ಹಳೆಯ ಮಾನವ ನೆಲೆಗಳಲ್ಲೊಂದು. ಇಸಾಂಪುರದ ಬಗ್ಗೆ ತಿಳಿದುಬಂದದ್ದರಲ್ಲಿ ಬಹುಪಾಲು ತ್ಯಾಜ್ಯದಿಂದಲೇ ತಿಳಿದದ್ದು. ಮಾಡಿ ಒಯ್ದ ಆಯುಧ ಬೇರೆಡೆ ಕಳೆದುಹೋಗುತ್ತದೆ. ಮಾಡಿದ ಕ್ರಮ ಚೂರುಗಳಲ್ಲಿ ಉಳಿಯುತ್ತದೆ.

ಭೀಮೆಯ ದಡದ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಹಲಗೆಗಲ್ಲಿನ ಮೇಲೆ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂತು. ಮೂರ್ತಿಯನ್ನು ನಿಲ್ಲಿಸಲು ಕಲ್ಲಿನ ನಡುವೆ ತೂತು ಕೊರೆಯಲಾಗಿತ್ತು. ಕೆಲವು ಅಕ್ಷರಗಳು ಆ ತೂತಿನಲ್ಲಿ ಹೋಗಿದ್ದವು. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸಮೀಪದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪದ ಅವಶೇಷಗಳು ಸಿಕ್ಕವು. ಅದರ ಹೊದಿಕೆಯ ಹಲಗೆಗಳೆಲ್ಲ ಇದೇ ಸುಣ್ಣಕಲ್ಲಿನವು. ಅಶೋಕನ ಹೆಸರನ್ನು ಬರೆದು ಅವನ ರೂಪವನ್ನು ಕಡೆದ ಫಲಕವೂ ಅವುಗಳಲ್ಲಿದೆ. ಈ ಕಲ್ಲಿನ ಮೇಲಿನ ಅತಿ ಹಳೆಯ ಬರಹ ಪ್ರಾಕೃತದ್ದು, ಬ್ರಾಹ್ಮಿ ಲಿಪಿಯದು. ಮುಂದೆ ಕಾಗಿಣಾ ದಡದ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಯಿತು. ಅಲ್ಲಿ ಇಂದು ಉಳಿದಿರುವ ಕೋಟೆಯ ಗೋಡೆಗಳೂ ಇದೇ ಕಲ್ಲಿನವು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿ ಎಂದು ಗುರುತಿಸಿತೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆ ಮಾತನ್ನು ಆಡಿದ ರಾಜಧಾನಿ ಹಾಸುಗಲ್ಲಿನ ಸ್ತರದ ಮೇಲೆಯೇ ಇತ್ತು, ಮಂಜರೆ ತೇರಣೆಗಳ ಕರಿಕಲ್ಲಿನ ನಾಡು ಅದರ ಎಲ್ಲೆಯ ಒಳಗೇ ಬರುತ್ತಿತ್ತು.

ಆದರೆ ಈ ಎಲ್ಲ ಕಾಲಗಳಲ್ಲಿಯೂ ಕಲ್ಲು ಹೆಚ್ಚು ದೂರ ಹೋಗಲಿಲ್ಲ. ಎತ್ತಿನ ಬಂಡಿಗೆ ಹೇರಬಹುದಾದ ಭಾರಕ್ಕೂ ಅದು ಸಾಗಬಹುದಾದ ದೂರಕ್ಕೂ ಮಿತಿಯಿತ್ತು. ಸಾಮಾನ್ಯರ ಮನೆಯ ನೆಲಕ್ಕಾಗಿ ನೂರು ಕಿಲೋಮೀಟರ್ ದೂರದಿಂದ ಚಪ್ಪಡಿ ತರಿಸುವುದು ಆಗ ಊಹೆಗೆ ಮೀರಿದ್ದು. ಆ ಮಿತಿಯನ್ನು ಮುರಿದದ್ದು ರೈಲು.

ರೈಲು ಮತ್ತು ಫರಸಿ

ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿಗಳ ಮೂಲಕ 1871ರಲ್ಲಿ ರಾಯಚೂರನ್ನು ತಲುಪಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗ ತೆರೆಯಿತು. ಆ ಮಾರ್ಗ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ, ಅಂದರೆ ಹಾಸುಗಲ್ಲಿನ ನೆಲದ ಮೇಲೆಯೇ ಹಾದುಹೋಗುತ್ತದೆ. ಖಣಿಯ ಪಕ್ಕದಲ್ಲಿಯೇ ಸ್ಟೇಷನ್ ಬಂದದ್ದರಿಂದ ಭಾರವಾದ, ಅಗ್ಗವಾದ ಸರಕೊಂದು ಮೊದಲ ಬಾರಿಗೆ ದೂರದ ಪೇಟೆಗೆ ಹೋಗಬಲ್ಲದ್ದಾಯಿತು. ಮುಂಬೈ, ಪುಣೆಗಳ ಚಾಳುಗಳಿಂದ ಹಿಡಿದು ರೈಲು ನಿಲ್ದಾಣಗಳ ಕಟ್ಟೆಗಳವರೆಗೆ ಶಹಾಬಾದಿನ ಕಲ್ಲು ಹಾಸಿಕೊಂಡಿತು. ಖಣಿ ಶಹಾಬಾದಿನದೇ ಆಗಿರಲಿ ಆಗದಿರಲಿ, ಕಲ್ಲನ್ನು ಹೇರಿದ ಸ್ಟೇಷನ್ನಿನ ಹೆಸರೇ ಕಲ್ಲಿನ ಹೆಸರಾಯಿತು. ಮುಂದೆ ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಉದಗೀರಗಳ ಮೂಲಕ ಪರಳಿಯತ್ತ ಹಳಿ ಬಂದಾಗ ನಮ್ಮ ಸೀಮೆಯೂ ಈ ಜಾಲಕ್ಕೆ ಸೇರಿತು. ಇಂದು ಮರಾಠಿಯಲ್ಲಿ ಶಹಾಬಾದಿ ಎಂದರೆ ಸಾಕು, ಕಲ್ಲು ಎಂದು ಬೇರೆ ಹೇಳಬೇಕಾಗಿಲ್ಲ.

ಖಣಿಯ ಕೆಲಸದ ಕ್ರಮ ಸರಳವಾಗಿ ಕಂಡರೂ ಅದಕ್ಕೆ ಪಳಗಿದ ಕಣ್ಣು ಬೇಕು. ಮೇಲಿನ ಎರೆಮಣ್ಣನ್ನೂ ಸವೆದ ಪದರವನ್ನೂ ತೆಗೆಯಬೇಕು. ಕಲ್ಲಿನಲ್ಲಿ ಸಹಜವಾಗಿಯೇ ಇರುವ ನಿಲುವು ಬಿರುಕುಗಳನ್ನು ಗುರುತಿಸಬೇಕು. ಪದರಗಳ ಸಂದಿಗೆ ಉಳಿ, ಬೆಣೆ ಹೊಡೆದು, ಹಾರೆಯಿಂದ ಮೀಟಿ, ಹಲಗೆಯನ್ನು ಒಡೆಯದಂತೆ ಎಬ್ಬಿಸಬೇಕು. ಮದ್ದು ಸಿಡಿಸಿದರೆ ಕಲ್ಲು ಚೂರಾಗುತ್ತದೆ. ಆದ್ದರಿಂದ ಇಲ್ಲಿ ಕೈಯ ಕೆಲಸಕ್ಕೇ ಬೆಲೆ. ಎಬ್ಬಿಸಿದ ಹಲಗೆಯ ಅಂಚನ್ನು ಅಳತೆಗೆ ಕೆತ್ತಿ ಚೌಕ ಮಾಡಿದ ಮೇಲೆ ಅದು ಸರಕು. ಪ್ರತಿ ಪದರದ ದಪ್ಪ, ಬಣ್ಣ, ಬಿಡಿಸಿಕೊಳ್ಳುವ ಗುಣ ಬೇರೆ ಬೇರೆ. ಕೆಲವು ನೆಲಕ್ಕೆ, ಕೆಲವು ಚಾವಣಿಗೆ, ಕೆಲವು ಹೊಲದ ಬೇಲಿಗೆ. ಸೇಡಂ, ಚಿತ್ತಾಪುರಗಳ ಹೊಲಗಳಲ್ಲಿ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿದ ಬೇಲಿಗಳನ್ನು ಈಗಲೂ ಕಾಣಬಹುದು.

ಹೊಂಡದಲ್ಲಿ ಉಳಿದದ್ದು

ಕೆಲಸ ನಿಂತ ಖಣಿಯ ಅಂಚಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ನೀರು. ಮಳೆಗಾಲದ ನೀರು ಹೊಂಡದಲ್ಲಿ ನಿಂತು, ಸುಣ್ಣಕಲ್ಲಿನ ತಳದ ಮೇಲೆ ತಿಳಿಯಾಗುತ್ತದೆ. ನೀರಿನ ಮೇಲಕ್ಕೆ ಕಾಣುವ ಗೋಡೆಯಲ್ಲಿ ಪದರಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಯಾವ ಪದರವನ್ನು ಒಳಗಿನವರೆಗೆ ತೆಗೆದಿದ್ದಾರೆ, ಯಾವುದನ್ನು ಮುಟ್ಟದೆ ಬಿಟ್ಟಿದ್ದಾರೆ ಎಂಬುದರಿಂದ ಆ ಕಾಲದ ಪೇಟೆ ಯಾವ ದಪ್ಪದ, ಯಾವ ಬಣ್ಣದ ಕಲ್ಲನ್ನು ಬಯಸುತ್ತಿತ್ತು ಎಂದು ಹೇಳಬಹುದು. ಅಂಚುಗಳಲ್ಲಿ ಉಳಿ ಹೊಡೆದ ಗುರುತುಗಳಿದ್ದರೆ ಅದು ಕೈಯಿಂದ ತೆಗೆದ ಕಾಲದ್ದು. ಗರಗಸ ಎಳೆದ ನುಣುಪಾದ ನೇರ ಗೆರೆಗಳಿದ್ದರೆ ಯಂತ್ರ ಬಂದ ಮೇಲಿನದು. ಒಂದೇ ಹೊಂಡದಲ್ಲಿ ಎರಡೂ ಇದ್ದರೆ, ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುವಷ್ಟರಲ್ಲಿ ಉಪಕರಣದ ಇತಿಹಾಸ ಬದಲಾಗಿರುತ್ತದೆ.

ಹೊಂಡದ ಸುತ್ತಲಿನ ದಿಬ್ಬಗಳು ಇನ್ನೂ ಮುಖ್ಯ. ಮಾರಾಟಕ್ಕೆ ಬಾರದ ಚೂರು, ಮೂಲೆ ಮುರಿದ ಹಲಗೆ, ಅಳತೆಗೆ ಸಾಲದ ತುಂಡು ಇವೆಲ್ಲ ದಶಕಗಟ್ಟಲೆ ಬಿದ್ದು ಗುಡ್ಡಗಳಾಗಿವೆ. ಬಯಲುಸೀಮೆಯಲ್ಲಿ ದೂರದಿಂದ ಬೆಟ್ಟದ ಸಾಲಿನಂತೆ ಕಾಣುವವು ಎಷ್ಟೋ ಕಡೆ ಈ ದಿಬ್ಬಗಳೇ. ಕಾರ್ಮಿಕರು ಚೂರುಗಳನ್ನೇ ಜೋಡಿಸಿ ಗೋಡೆ ಕಟ್ಟಿ, ಮೇಲೆ ಹಲಗೆ ಹೊದಿಸಿದ ನೆರಳುಮನೆಗಳೂ ಅಲ್ಲಲ್ಲಿ ಉಳಿದಿವೆ. ಇಸಾಂಪುರದ ಚೂರುಗಳನ್ನು ಓದುವಾಗ ತೋರಿದ ತಾಳ್ಮೆಯನ್ನು ಈ ನೂರೈವತ್ತು ವರ್ಷಗಳ ಚೂರುಗಳಿಗೆ ತೋರಿದರೆ, ದಾಖಲೆಗಳಲ್ಲಿ ಹೆಸರಿಲ್ಲದ ದುಡಿಮೆಗಾರರ ಚರಿತ್ರೆಯನ್ನು ಸ್ವಲ್ಪಮಟ್ಟಿಗಾದರೂ ಬರೆಯಬಹುದು.

ಖಣಿಯ ಮಾತು

ಆ ದುಡಿಮೆಗಾರರು ಯಾವ ಮಾತನಾಡುತ್ತಿದ್ದರು? ಖಣಿಯನ್ನು ಒಂದು ಭಾಷೆಯ ಸ್ವತ್ತೆಂದು ಹೇಳಲು ಬರುವುದಿಲ್ಲ. ಕಲ್ಲಿನ ಕೆಲಸವನ್ನು ಕುಲಕಸುಬಾಗಿ ಉಳ್ಳ ವಡ್ಡರು ಅಥವಾ ಭೋವಿಗಳು ಮನೆಯಲ್ಲಿ ತೆಲುಗಿಗೆ ಹತ್ತಿರವಾದ ನುಡಿಯನ್ನು ಆಡುತ್ತಾರೆ. ಸೊನ್ನಲಿಗೆಯ, ಅಂದರೆ ಸೊಲ್ಲಾಪುರದ, ಸಿದ್ಧರಾಮನನ್ನು ಕುಲಗುರುವೆಂದು ನಡೆದುಕೊಳ್ಳುತ್ತಾರೆ. ಕೆರೆ ಕಟ್ಟಿಸಿದ ಕನ್ನಡ ವಚನಕಾರ ಮಣ್ಣು ಕಲ್ಲಿನ ಕಸುಬಿನವರ ಗುರುವಾದದ್ದು ಸಹಜವೇ ಆಗಿದೆ. ಸುತ್ತಲಿನ ತಾಂಡಾಗಳಿಂದ ಬಂದ ಲಂಬಾಣಿಗರ ನುಡಿ ಬೇರೆ. ಪೇಟೆಯ ವ್ಯವಹಾರದಲ್ಲಿ ದಖನಿ ಉರ್ದು. ಊರಿನವರದು ಕನ್ನಡ. ಕೊಳ್ಳಲು ಬಂದವರದು ಮರಾಠಿ. ಇಷ್ಟು ನುಡಿಗಳು ಒಂದೇ ಹೊಂಡದಲ್ಲಿ ಸೇರಿದಾಗ ಪದಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದಕ್ಕೆ ಈ ಕಲ್ಲಿನ ಹೆಸರುಗಳೇ ಉದಾಹರಣೆ.

ಕನ್ನಡದ ‘ಹಾಸುಗಲ್ಲು’ ಎಂಬ ಪದದಲ್ಲಿರುವುದು ಹಾಸು ಎಂಬ ಧಾತು. ‘ಫರಸಿ’ಯ ಮೂಲ ಅರಬ್ಬಿಯ ‘ಫರ್ಶ್’. ಅದು ಫಾರಸಿ, ಉರ್ದುಗಳ ಮೂಲಕ ಬಂದು ಮರಾಠಿಯಲ್ಲಿ ‘ಫರಶೀ’, ಗಡಿಭಾಗದ ಕನ್ನಡದಲ್ಲಿ ‘ಫರಸಿ’ ಅಥವಾ ‘ಪರಸಿ’ ಆಗಿದೆ. ಅರಬ್ಬಿಯಲ್ಲಿ ಆ ಧಾತುವಿನ ಅರ್ಥವೂ ಹಾಸುವುದು, ಹರಡುವುದು ಎಂದೇ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳು ಒಂದೇ ವಸ್ತುವನ್ನು ಒಂದೇ ಕ್ರಿಯೆಯಿಂದ ಹೆಸರಿಸಿವೆ. ತೆಲುಗಿನಲ್ಲಿ ಇಂಥ ಹಲಗೆಗೆ ‘ನಾಪರಾಯಿ’ ಎಂಬ ಬೇರೆಯೇ ಹೆಸರಿದೆ. ಹಾಗೆಯೇ ಸಂಸ್ಕೃತದ ‘ಖನಿ’ ಗ್ರಂಥಸ್ಥ ಕನ್ನಡದಲ್ಲಿ ‘ಗಣಿ’ಯಾಗಿ, ಮರಾಠಿಯಲ್ಲಿ ‘ಖಾಣ’ವಾಗಿ, ನಮ್ಮ ಭಾಗದ ಆಡುಮಾತಿನಲ್ಲಿ ‘ಖಣಿ’ಯಾಗಿ ಉಳಿದಿದೆ. ಗಡಿಭಾಗದ ಕನ್ನಡಿಗರು ‘ಗಣಿ’ ಎನ್ನದೆ ‘ಖಣಿ’ ಎಂದಾಗ ಅದನ್ನು ಮರಾಠಿಯ ಪ್ರಭಾವವೆಂದು ತಿದ್ದುವವರಿದ್ದಾರೆ. ಕಲ್ಲು ತೆಗೆಯುವವರು, ಮಾರುವವರು, ಕೊಳ್ಳುವವರು ಮೂವರೂ ಅರ್ಥ ಮಾಡಿಕೊಳ್ಳಬಲ್ಲ ಪದವೊಂದು ಕಸುಬಿನ ಅಗತ್ಯದಿಂದ ನೆಲೆಗೊಂಡಿದೆ ಎಂದು ನೋಡುವುದು ಹೆಚ್ಚು ಸರಿ.

1956ರ ಗೆರೆ

1956ರ ನವೆಂಬರ್ 1ರವರೆಗೆ ಖಣಿಗಳೂ ಅವುಗಳ ಕಲ್ಲು ಹಾಸಿದ ನಮ್ಮ ಊರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಬೀದರ್ ಜಿಲ್ಲೆಗೆ ಸೇರಿದ್ದವು. ಉಮರಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರಿನ ಆ ಮೂರು ತಾಲ್ಲೂಕುಗಳೂ ಉಸ್ಮಾನಾಬಾದ್ ಜಿಲ್ಲೆಯೂ ಮುಂಬೈ ರಾಜ್ಯಕ್ಕೆ ಹೋದವು. 1960ರಲ್ಲಿ ಅವು ಮಹಾರಾಷ್ಟ್ರದ ಭಾಗವಾದವು, 1982ರಲ್ಲಿ ಲಾತೂರ ಜಿಲ್ಲೆ ರಚನೆಯಾದಾಗ ನಿಲಂಗಾ, ಉದಗೀರಗಳು ಅದಕ್ಕೆ ಸೇರಿದವು. ಅದೇ ವಿಂಗಡಣೆಯಲ್ಲಿ ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋಗಿ ಇಂದು ತೆಲಂಗಾಣದಲ್ಲಿವೆ.

ತಾಂಡೂರಿನ ಸಂಗತಿ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಶಹಾಬಾದಿನ ಸುಣ್ಣಕಲ್ಲಿನ ಸ್ತರ ಪೂರ್ವಕ್ಕೆ ಎಡೆಬಿಡದೆ ತಾಂಡೂರಿನವರೆಗೆ ಹೋಗುತ್ತದೆ. ಅಲ್ಲಿಯೂ ಖಣಿಗಳಿವೆ. ಆದರೆ ಇಂದು ಪೇಟೆಯಲ್ಲಿ ಶಹಾಬಾದ್ ಕಲ್ಲು, ತಾಂಡೂರು ಕಲ್ಲು ಎಂದು ಎರಡು ಸರಕುಗಳಿವೆ. ಒಂದೇ ಕೆಸರಿನಿಂದ ಆದ ಕಲ್ಲು ಎರಡು ರಾಜ್ಯಗಳ ಎರಡು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಪದರಕ್ಕೆ ಗಡಿಯಿಲ್ಲ, ಪರವಾನಗಿಗೆ ಗಡಿಯಿದೆ. ಪರವಾನಗಿ ಕೊಡುವ ಕಚೇರಿ, ರಾಜಧನದ ದರ, ದಾಖಲೆಯ ಭಾಷೆ ಎಲ್ಲವೂ ಗೆರೆಯ ಎರಡು ಬದಿಗೆ ಬೇರೆಯಾದವು.

ವಿದ್ವತ್ತಿನಲ್ಲಿಯೂ ಇದೇ ಆಯಿತು. ಪಿ. ಬಿ. ದೇಸಾಯಿಯವರು ಸಂಪಾದಿಸಿದ ಹೈದರಾಬಾದ್ ರಾಜ್ಯದ ಶಾಸನಗಳ ಅಮೂಲ್ಯ ಸಂಪುಟ 1958ರಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯೇ ಅದನ್ನು ಆ ರಾಜ್ಯದ ‘ಕನ್ನಡ ಜಿಲ್ಲೆ’ಗಳಿಗೆ ಸೀಮಿತಗೊಳಿಸುತ್ತದೆ. ಆದರೆ ಕನ್ನಡ ಶಾಸನಗಳು ಕನ್ನಡ ಜಿಲ್ಲೆಗಳಲ್ಲಿ ಮಾತ್ರ ಇರಲಿಲ್ಲ. ಶ್ರೀನಿವಾಸ ರಿತ್ತಿ ಮತ್ತು ಜಿ. ಸಿ. ಶೆಳಕೆ ಅವರು 1968ರಲ್ಲಿ ನಾಂದೇಡ ಜಿಲ್ಲೆಯ ಶಾಸನಗಳನ್ನೂ, ರಿತ್ತಿ ಮತ್ತು ಆನಂದ ಕುಂಭಾರ ಅವರು 1988ರಲ್ಲಿ ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನೂ ಹೊರತಂದಾಗ ಕರಿಕಲ್ಲಿನ ಮೇಲೆ ಬರೆದ ಕನ್ನಡದ ವ್ಯಾಪ್ತಿ ಸ್ಪಷ್ಟವಾಯಿತು. ಬರಹವಿರುವ ಕಲ್ಲಿಗೆ ಹೀಗೆ ತಡವಾಗಿಯಾದರೂ ಓದುಗರು ಸಿಕ್ಕರು. ಬರಹವಿಲ್ಲದ ಕಲ್ಲಿಗೆ, ಅಂದರೆ ಉತ್ತರಕ್ಕೆ ಹೋದ ಲಕ್ಷಾಂತರ ಚಪ್ಪಡಿಗಳಿಗೆ, ಅಂಥ ಸಂಪಾದಕರು ಇನ್ನೂ ಸಿಗಬೇಕಾಗಿದೆ.

ಖಣಿಗಳು ಏಕೆ ನಿಂತವು

ಖಣಿಗಳು ಪಾಳುಬೀಳಲು ಒಂದೇ ಕಾರಣವಿಲ್ಲ. ಹಾಸುಗಲ್ಲಿನ ನೆಲವೇ ಸಿಮೆಂಟಿನ ಕಚ್ಚಾವಸ್ತುವೂ ಹೌದು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತು. ಮುಂದೆ ವಾಡಿ, ಸೇಡಂ ಪರಿಸರದಲ್ಲಿ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದವು. ಸಿಮೆಂಟಿಗೆ ಹಲಗೆ ಬೇಕಾಗಿಲ್ಲ, ಪುಡಿ ಸಾಕು. ಪದರವನ್ನು ಕಣ್ಣಿನಿಂದ ಗುರುತಿಸಿ ಎಬ್ಬಿಸುವ ಜಾಣ್ಮೆಗೆ ಅಲ್ಲಿ ಸ್ಥಾನವಿಲ್ಲ. ಇನ್ನೊಂದೆಡೆ ಕಾರ್ಖಾನೆಯ ಟೈಲ್ಸ್ ಬಂದು ಮನೆಯ ನೆಲವನ್ನು ಆಕ್ರಮಿಸಿದವು. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಐದು ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಪರಿಸರದ ದೃಷ್ಟಿಯಿಂದ ಅದು ನ್ಯಾಯವಾದ ತೀರ್ಪು. ಆದರೆ ಕಾಗದಪತ್ರ ಹೊಂದಿಸಲು ಹಣವೂ ಅಭ್ಯಾಸವೂ ಇಲ್ಲದ ಸಣ್ಣ ಖಣಿಗಾರರಿಗೆ ಅದು ಭಾರವಾಯಿತು.

ನಿಂತ ಖಣಿಗಳು ಮೌನವಾದ ಸ್ಮಾರಕಗಳಲ್ಲ. ಬೇಲಿಯಿಲ್ಲದ ಆಳದ ಹೊಂಡ ದನಗಳಿಗೂ ಮಕ್ಕಳಿಗೂ ಅಪಾಯ. ದಿಬ್ಬ ಬಿದ್ದ ಹೊಲದಲ್ಲಿ ಬೆಳೆಯಿಲ್ಲ. ಆದ್ದರಿಂದ ಹಾಳುಖಣಿಗಳನ್ನೆಲ್ಲ ಹಾಗೆಯೇ ಕಾಪಾಡಬೇಕೆಂದು ಕೇಳುವುದು ಸರಿಯಲ್ಲ. ಮುಚ್ಚುವುದನ್ನು ಮುಚ್ಚಬೇಕು, ಕೆರೆಯಾಗಬಲ್ಲದ್ದನ್ನು ಭದ್ರವಾದ ಕೆರೆ ಮಾಡಬೇಕು. ಅದಕ್ಕೆ ಮೊದಲು ದಾಖಲಿಸಬೇಕೆಂಬುದಷ್ಟೇ ಇಲ್ಲಿಯ ಒತ್ತಾಯ.

ಗಡಿಯ ಈಚೆಗೂ ಅದೇ ತುರ್ತು ಇದೆ. 1993ರ ಭೂಕಂಪದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಉಮರಗಾ, ಔಸಾ ಭಾಗದ ಹಳ್ಳಿಗಳಲ್ಲಿ ಸಾವಿಗೆ ಮುಖ್ಯ ಕಾರಣವಾದದ್ದು ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆಗಳು ಮತ್ತು ಅವುಗಳ ಮೇಲಿನ ಮಣ್ಣಿನ ಭಾರದ ಮಾಳಿಗೆಗಳು. ಅನೇಕ ಹಳ್ಳಿಗಳು ಹಳೆಯ ಜಾಗ ಬಿಟ್ಟು ಹೊಸ ಜಾಗದಲ್ಲಿ ಬೇರೆ ಬಗೆಯ ಮನೆಗಳಾಗಿ ಎದ್ದವು. ಕಲ್ಲಿನ ಮನೆಯೆಂದರೆ ಭಯ ಹುಟ್ಟಿದ್ದು ಸಹಜ. ಆದರೆ ಬಿದ್ದದ್ದು ಗೋಡೆ, ನೆಲವಲ್ಲ. ಹಳೆಯ ಹಳ್ಳಿಗಳ ಅವಶೇಷಗಳಲ್ಲಿಯೂ, ಉಳಿದುಕೊಂಡ ಊರುಗಳ ಹಳೆಯ ವಾಡೆಗಳಲ್ಲಿಯೂ ಇರುವ ಹಾಸುಗಲ್ಲುಗಳನ್ನು ಇಂದು ಕಿತ್ತು ಹಾಕಿ ಟೈಲ್ಸ್ ಕೂರಿಸಲಾಗುತ್ತಿದೆ. ನೆಲ ಹೋದಂತೆ ಖಣಿಯೊಂದಿಗಿನ ಸಂಬಂಧದ ಪುರಾವೆಯೂ ಹೋಗುತ್ತದೆ.

ಮಾಡಬಹುದಾದ ಕೆಲಸ ದೊಡ್ಡ ಹಣದ್ದಲ್ಲ. ಔರಾದ, ನಿಲಂಗಾ, ಉದಗೀರ, ಉಮರಗಾ ಊರುಗಳಲ್ಲಿ ಹಾಸುಗಲ್ಲಿನ ನೆಲವಿರುವ ಹಳೆಯ ಕಟ್ಟಡಗಳ ಪಟ್ಟಿ ಮಾಡಿ, ಕಲ್ಲಿನ ಬಣ್ಣ, ದಪ್ಪ, ಅಳತೆಗಳನ್ನು ಬರೆದುಕೊಳ್ಳಬಹುದು. ಅವನ್ನು ಶಹಾಬಾದ್, ವಾಡಿ, ತಾಂಡೂರು ಖಣಿಗಳ ಪದರಗಳೊಂದಿಗೆ ಹೋಲಿಸಬಹುದು. ಖಣಿಯಲ್ಲಿ ದುಡಿದ ಹಿರಿಯರಿಂದ ಪದರಗಳ, ಉಪಕರಣಗಳ, ಅಳತೆಗಳ ಹೆಸರುಗಳನ್ನು ಕನ್ನಡ, ವಡ್ಡರ ನುಡಿ, ಲಂಬಾಣಿ, ದಖನಿ, ಮರಾಠಿ ಎಲ್ಲದರಲ್ಲಿಯೂ ಸಂಗ್ರಹಿಸಬಹುದು. ಕೈಯಿಂದ ಹಲಗೆ ಎಬ್ಬಿಸಿದ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಆ ಪದಗಳು ಯಾವ ನಿಘಂಟಿನಲ್ಲಿಯೂ ಪೂರ್ತಿಯಾಗಿ ಬಂದಿಲ್ಲ. ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನವೆಂದರೆ ಶಾಲೆಗಳ, ಪತ್ರಿಕೆಗಳ, ಜನಗಣತಿಯ ಅಧ್ಯಯನ ಎಂದಷ್ಟೇ ತಿಳಿದರೆ ಇಂಥ ಪದಗಳು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಖಣಿಯ ನೀರು ಏರುವ ಮೊದಲು, ಮನೆಯ ನೆಲ ಕಿತ್ತುಹೋಗುವ ಮೊದಲು, ಎರಡೂ ಕಡೆಯ ಸಂಶೋಧಕರು ಕೂಡಿ ಈ ಕೆಲಸಕ್ಕೆ ಕೈಹಾಕಬೇಕು.